ನನ್ನ ಹೆಸರು ತಿಪ್ಪವ್ವ

ಗೋವಾದ ದಾಬೋಲಿಮ್ ವಿಮಾನ ನಿಲ್ದಾಣದ ಹತ್ತಿರದ ಹೋಟೆಲೊಂದರಲ್ಲಿ ರಿಸೆಪ್ಷನ್ ಕೆಲಸಕ್ಕೆ ಸೇರಿದ ದಿನ ಮ್ಯಾನೇಜರರು ನನ್ನ ಕೈಗೊಂದು ಬ್ಯಾಡ್ಜ್ ಕೊಟ್ಟರು. ಹಿತ್ತಾಳೆ ಬಣ್ಣದ ಪಟ್ಟಿ, ಹಿಂದೆ ಪಿನ್ನು. ಮುಂದೆ 'ಟೀನಾ' ಎಂದು ಕೊರೆದಿತ್ತು. ಬೇರೆ ಯಾರದೋ ತಪ್ಪಿ ನನ್ನ ಕೈಗೆ ಬಂದಿದೆ ಎಂದುಕೊಂಡು ವಾಪಸ್ ಕೊಡಲು ಹೋದೆ. ಅವರು ನಕ್ಕು, ಅದು ನಿನ್ನದೇ ಎಂದರು. ನನ್ನ ಖರೇ ಹೆಸರನ್ನು ಹಾಕಿದರೆ ಬಂದವರು ಮೊದಲ ಅರ್ಧವನ್ನಷ್ಟೇ ಓದಿ, ಈ ಹುಡುಗಿ ಎದೆಯ ಮೇಲೆ ಬರೆದುಕೊಂಡೇ ಟಿಪ್ಸ್ ಕೇಳುತ್ತಾಳೆ ಎಂದುಕೊಳ್ಳುತ್ತಾರಂತೆ. ಪಕ್ಕದಲ್ಲಿದ್ದ ಇಬ್ಬರು ಹುಡುಗಿಯರು ಕಿಸಕ್ಕನೆ ನಕ್ಕರು. ನನಗೂ ನಗು ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಬ್ಯಾಡ್ಜನ್ನು ನಾನು ಚುಚ್ಚಿಕೊಳ್ಳಲಿಲ್ಲ.

ಮ್ಯಾನೇಜರರು ಕೆಟ್ಟ ಮನುಷ್ಯರಲ್ಲ. ಗೋವಾದವರೇ, ಕ್ರಿಶ್ಚಿಯನ್ನರು. ತಮಗೂ ಮನೆಯಲ್ಲೊಂದು, ಚರ್ಚಿನಲ್ಲೊಂದು ಹೆಸರಿದೆ, ಎರಡರಿಂದಲೂ ಹೊಟ್ಟೆ ತುಂಬುತ್ತದೆ ಎಂದು ಹಿಂದಿಯಲ್ಲಿ ಸಮಾಧಾನದಿಂದ ತಿಳಿಸಿ ಹೇಳಿದರು. ಡ್ಯೂಟಿಯ ಹೊತ್ತಿಗೆ ಯೂನಿಫಾರ್ಮ್ ಹಾಕಿಕೊಂಡಂತೆ ಇದನ್ನೂ ಹಾಕಿಕೋ, ಸಂಜೆ ತೆಗೆದಿಡು ಎಂದರು. ನಾನು ಹೇಳಿದೆ: ಸೀರೆ ನಿಮ್ಮದು, ಉಡುತ್ತೇನೆ, ಹೆಸರು ನನ್ನದು, ಬಿಡುವುದಿಲ್ಲ, ಬರೆಯಲು ಆಗದಿದ್ದರೆ ಬ್ಯಾಡ್ಜ್ ಖಾಲಿ ಇರಲಿ. ಅವರ ನಗು ನಿಂತಿತು. ಮರುದಿನ ನನ್ನನ್ನು ಹೋಟೆಲಿನ ಹಿಂಭಾಗದ ಲಾಂಡ್ರಿಗೆ ಕಳಿಸಿದರು. ಅಲ್ಲಿ ಚಾದರ, ಟವೆಲ್ಲುಗಳ ಲೆಕ್ಕ ಇಡುವುದು ಕೆಲಸ. ಟವೆಲ್ಲುಗಳಿಗೆ ನನ್ನ ಹೆಸರು ಏನಿದ್ದರೂ ನಡೆಯುತ್ತಿತ್ತು.

ಈ ಹಟ ಎಲ್ಲಿಂದ ಬಂತು ಎಂದು ಹೇಳಬೇಕಾದರೆ ಮೊದಲು ಹೆಸರಿನ ಕಥೆ ಹೇಳಬೇಕು.

ನಮ್ಮ ಬಾದಾಮಿ ಕಡೆ ತಿಪ್ಪಿ ಎಂದರೆ ಗೊಬ್ಬರದ ಗುಂಡಿ. ಸಗಣಿ, ಒಲೆಯ ಬೂದಿ, ದನ ತಿಂದು ಬಿಟ್ಟ ಕಣಿಕಿ, ಅಂಗಳದ ಕಸ ಎಲ್ಲ ಬಿದ್ದು ಕೊಳೆಯುವ ಜಾಗ. ಬೇಸಿಗೆಯಲ್ಲಿ ಅದನ್ನೇ ಚಕ್ಕಡಿಗೆ ಹೇರಿ ಹೊಲಕ್ಕೆ ಒಯ್ಯುತ್ತಾರೆ. ನಾನು ಹುಟ್ಟುವುದಕ್ಕೆ ಮೊದಲು ನನ್ನ ಅವ್ವ ಎರಡು ಕೂಸು ಹೆತ್ತಿದ್ದಳು. ಒಂದು ತೊಟ್ಟಿಲಿಗೆ ಹಾಕಿದ ಸ್ವಲ್ಪ ದಿನಕ್ಕೇ ಹೋಯಿತು. ಇನ್ನೊಂದು ಕೂರಲು ಕಲಿತು, ನಗಲು ಕಲಿತು, ಆಮೇಲೆ ಹೋಯಿತು. ಮೂರನೆಯದಾಗಿ ನಾನು ಬರುವಾಗ ಹಿರಿಯರು ಕೂತು ಯೋಚಿಸಿದರು. ಚಂದದ ಹೆಸರು ಕೇಳಿದರೆ ಸಾವಿಗೆ ಆಸೆ ಹುಟ್ಟುತ್ತದೆ, ಯಾರಿಗೂ ಬೇಡವಾದದ್ದನ್ನು ಅದೂ ಮುಟ್ಟುವುದಿಲ್ಲ ಎಂಬ ಲೆಕ್ಕ ಅವರದು.

ಹಾಗಾಗಿ ನಾನು ಹುಟ್ಟಿದ ಕೂಡಲೆ ಅಪ್ಪನ ತಾಯಿ, ನನ್ನ ಅಜ್ಜಿ, ನನ್ನನ್ನು ಹಳೆಯ ಮೊರದಲ್ಲಿ ಹಾಕಿಕೊಂಡು ಹಿತ್ತಲ ತಿಪ್ಪಿಯ ಮೇಲಿಟ್ಟು ಹಿಂದೆ ನೋಡದೆ ಒಳಗೆ ಬಂದಳು. ಮೊದಲೇ ಹೇಳಿಕೊಟ್ಟಿದ್ದಂತೆ ಪಕ್ಕದ ಮನೆಯ ಹೆಂಗಸು ಆ ದಾರಿಯಲ್ಲಿ ಬಂದು, ಇಲ್ಯಾರೋ ಕೂಸು ಒಗೆದು ಹೋಗಿದ್ದಾರೆ ಎಂದು ಓಣಿಗೆಲ್ಲ ಕೇಳುವಂತೆ ಕೂಗಿ, ನನ್ನನ್ನು ಎತ್ತಿಕೊಂಡು ನಮ್ಮ ಬಾಗಿಲಿಗೇ ತಂದಳು. ಅವ್ವ ಹೆರಿಗೆಯ ಕೋಣೆಯಿಂದಲೇ ನನ್ನನ್ನು ಕೊಂಡುಕೊಳ್ಳಬೇಕಾಯಿತು. ಜೋಳ ಕೊಟ್ಟರೆ ಕೂಸಿಗೆ ಬೆಲೆ ಬಂದೀತು ಎಂದು ಒಂದು ಮೊರ ತೌಡು ಕೊಟ್ಟರು. ತಿಪ್ಪಿಯಲ್ಲಿ ಸಿಕ್ಕವಳು ತಿಪ್ಪವ್ವ.

ಆ ಕಾಲಕ್ಕೆ ಇದೇನೂ ವಿಚಿತ್ರ ಹೆಸರಲ್ಲ. ನಮ್ಮ ಊರಲ್ಲಿ ಕೆರೆ ದಂಡೆಯ ತಿಪ್ಪವ್ವ ಇದ್ದಳು, ಗಿರಣಿ ತಿಪ್ಪವ್ವ ಇದ್ದಳು, ಗಿಡ್ಡ ತಿಪ್ಪವ್ವ ಇದ್ದಳು. ಬಾವಿಯ ಹತ್ತಿರ ಯಾರಾದರೂ ಈ ಹೆಸರು ಕೂಗಿದರೆ ನಾಲ್ಕಾರು ಕೊಡಗಳು ನಿಲ್ಲುತ್ತಿದ್ದವು. ಗಂಡಸರಲ್ಲಿ ತಿಪ್ಪಣ್ಣಗಳು. ಇವರ ಜೊತೆಗೆ ಕಲ್ಲವ್ವ, ಹುಚ್ಚವ್ವ, ತಿರುಕಪ್ಪ. ಕಲ್ಲು, ಹುಚ್ಚು, ಭಿಕ್ಷೆ, ಯಾವುದನ್ನು ಯಾರೂ ಬಯಸುವುದಿಲ್ಲವೋ ಅದೆಲ್ಲ ನಮ್ಮಲ್ಲಿ ಮಕ್ಕಳ ಹೆಸರಾಗಿತ್ತು. ಪ್ರತಿಯೊಂದರ ಹಿಂದೆಯೂ ಒಂದೋ ಎರಡೋ ಖಾಲಿ ತೊಟ್ಟಿಲು ಇರುತ್ತಿತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳುವ ಅವಶ್ಯಕತೆಯೂ ಇರಲಿಲ್ಲ.

ಅಪ್ಪ ಗೌಂಡಿ ಕೆಲಸಕ್ಕೆಂದು ಗೋವಾಕ್ಕೆ ಬಂದಾಗ ನಾನು ಇನ್ನೂ ಸಣ್ಣವಳು. ಮಡಗಾಂವಿನ ಫಾತೋರ್ಡಾದಲ್ಲಿ ಆಗ ಒಂದರ ಹಿಂದೊಂದು ಬಿಲ್ಡಿಂಗ್ ಏಳುತ್ತಿದ್ದವು. ಅಪ್ಪ ಗೋಡೆ ಕಟ್ಟುತ್ತಿದ್ದ, ಅವ್ವ ಉಸುಕಿನ ಬುಟ್ಟಿ ಹೊರುತ್ತಿದ್ದಳು, ನಾನು ಸಾಲಿಗೆ ಹೋಗುತ್ತಿದ್ದೆ. ಕೊಂಕಣಿ ಮಕ್ಕಳಿಗೆ ನನ್ನ ಹೆಸರಿನ ಅರ್ಥ ಗೊತ್ತಿರಲಿಲ್ಲ. ಅವರು ಟಿಪ್‌ಟಾಪ್ ಎಂದು ಕರೆದು ಓಡುತ್ತಿದ್ದರು, ಅಷ್ಟೇ. ಅರ್ಥ ಗೊತ್ತಿದ್ದದ್ದು ನಮ್ಮ ಒಬ್ಬ ಟೀಚರಿಗೆ. ಅವರು ಧಾರವಾಡದ ಕಡೆಯವರು, ಗಂಡನ ನೌಕರಿಯಿಂದಾಗಿ ಮಡಗಾಂವಿಗೆ ಬಂದವರು. ಹತ್ತನೆಯ ತರಗತಿಗೆ ಮುಂಚೆ ಅಪ್ಪನನ್ನು ಕರೆಸಿದರು. ಒಮ್ಮೆ ಬೋರ್ಡಿನ ಸರ್ಟಿಫಿಕೇಟಿಗೆ ಹೋದರೆ ಜನ್ಮಕ್ಕೆ ಅಂಟಿಕೊಳ್ಳುತ್ತದೆ, ಹುಡುಗಿ ಚುರುಕಿದ್ದಾಳೆ, ಈಗಲೇ ಬದಲಿಸಿಬಿಡೋಣ ಎಂದರು. ಒಂದು ಹೆಸರನ್ನೂ ಆರಿಸಿಟ್ಟಿದ್ದರು. ಕೇಳಲು ಹಿತವಾಗಿತ್ತು.

ಅಪ್ಪ, "ಇಟ್ಟಾಕಿ ತೀರಿಹೋಗ್ಯಾಳ್ರಿ, ಬಾಯಾರ. ಈಗ ಯಾರನ್ನ ಕೇಳೂದ್ರಿ?" ಎಂದ. ಅಜ್ಜಿ ಹೋಗಿ ವರ್ಷಗಳಾಗಿದ್ದವು. ಟೀಚರು ನನ್ನ ಮುಖ ನೋಡಿದರು. ನನಗೆ ಆ ಹೊಸ ಹೆಸರು ಬೇಕೆನಿಸಿತ್ತು. ಮನೆಗೆ ಹೋಗಿ ಅವ್ವನನ್ನು ಕೇಳಿ ಬರುತ್ತೇನೆ ಎಂದೆ.

ಅವ್ವ ಕೆಲಸ ಮುಗಿಸಿ ಬಂದು ನಳದ ಕೆಳಗೆ ಕಾಲು ತಿಕ್ಕುತ್ತಿದ್ದಳು. ಸಿಮೆಂಟು ಬೆರಳ ಸಂದಿಯಲ್ಲಿ ಕೂತರೆ ಸುಲಭಕ್ಕೆ ಬಿಡುವುದಿಲ್ಲ. ನಾನು ಟೀಚರ ಮಾತನ್ನು ಹೇಳಿದೆ, ಆ ಹೆಸರನ್ನೂ ಹೇಳಿದೆ. ಅವಳು ತಿಕ್ಕುವುದನ್ನು ನಿಲ್ಲಿಸಲಿಲ್ಲ. ಹೆಸರು ಚಲೋ ಐತಿ ಎಂದಳು. ನಂತರ ನಳ ಬಂದ್ ಮಾಡಿ, ಅಲ್ಲೇ ಕಲ್ಲಿನ ಮೇಲೆ ಕೂತು, ಮೊದಲ ಸಲ ಆ ಎರಡು ಕೂಸುಗಳ ಹೆಸರನ್ನು ನನಗೆ ಹೇಳಿದಳು. ಒಂದಕ್ಕೆ ದೇವಿಯ ಹೆಸರು, ಇನ್ನೊಂದಕ್ಕೆ ಹೂವಿನ ಹೆಸರು. ಎರಡನ್ನೂ ತಾನೇ ಆರಿಸಿದ್ದಳಂತೆ.

"ಚಂದನ ಹೆಸರು ಎರಡು ಇಟ್ಟು ನೋಡೇನಿ ನಾ," ಎಂದಳು ಅವ್ವ. "ಕರದ್ರ ಓ ಅನ್ನಾಕ ಯಾರದಾರ? ನೀ ಓ ಅಂತಿ. ನನಗ ಅಷ್ಟ ಸಾಕು. ನಿನಗ ಬ್ಯಾಡಾದ್ರ ಬಿಡು ಯವ್ವಾ, ನಾ ಏನೂ ಅನ್ನಂಗಿಲ್ಲ."

ಆಕೆ ನಿಜವಾಗಿಯೂ ಏನೂ ಅನ್ನುತ್ತಿರಲಿಲ್ಲ. ಅದೇ ನನ್ನನ್ನು ತಡೆಯಿತು. ಹೆಸರಿನಿಂದ ನಾನು ಬದುಕಿದೆ ಎಂದು ಆಗಲೂ ನಂಬಿರಲಿಲ್ಲ, ಈಗಲೂ ನಂಬುವುದಿಲ್ಲ. ಚುಚ್ಚುಮದ್ದು ಹಾಕಿದ ಯಾವಳೋ ನರ್ಸಮ್ಮನ ಪಾಲು ಅದರಲ್ಲಿ ಹೆಚ್ಚಿರಬೇಕು. ಆದರೆ ಹಸಿ ಬಾಣಂತಿಯೊಬ್ಬಳು, ಎರಡು ಕಳೆದುಕೊಂಡವಳು, ಮೂರನೆಯದನ್ನು ತಿಪ್ಪಿಯ ಮೇಲೆ ಇಡಲು ಬಿಟ್ಟು ಒಳಗೆ ಉಸಿರು ಹಿಡಿದು ಕಾದಳಲ್ಲ, ಆ ಕಾಯುವಿಕೆಯನ್ನು ಸರ್ಟಿಫಿಕೇಟಿನಿಂದ ಅಳಿಸಲು ನನಗೆ ಮನಸ್ಸಾಗಲಿಲ್ಲ. ಮರುದಿನ ಟೀಚರಿಗೆ ಬೇಡ ಎಂದೆ. ಅವರಿಗೆ ಬೇಸರವಾಯಿತು. ಮುಂದೆ ಕಷ್ಟ ಪಡುತ್ತೀ ನೋಡು ಎಂದರು. ಅವರು ಹೇಳಿದ್ದು ಸುಳ್ಳಾಗಲಿಲ್ಲ.

ಲಾಂಡ್ರಿಯಲ್ಲಿ ಮಳೆಗಾಲ ಕಳೆಯಿತು. ಸೀಜನ್ ಶುರುವಾದಾಗ ರಿಸೆಪ್ಷನ್ನಿನ ಹುಡುಗಿಯರಿಬ್ಬರೂ ಒಟ್ಟಿಗೇ ಬೇರೆ ಕಡೆ ಕೆಲಸ ಹಿಡಿದು ಹೋದರು. ವಿಮಾನ ತುಂಬಿ ಜನ ಇಳಿಯುತ್ತಿದ್ದರು. ಹಿಂದಿ, ಇಂಗ್ಲಿಷು, ಕೊಂಕಣಿ, ಮರಾಠಿ ನಾಲ್ಕೂ ಬರುವವಳು ಟವೆಲ್ ಎಣಿಸುತ್ತಾ ಕೂತಿರುವುದು ಮ್ಯಾನೇಜರರಿಗೇ ತಡೆಯದಾಯಿತು. ಕರೆದು ಕೂರಿಸಿದರು. ಬರುತ್ತೇನೆ, ಆದರೆ ನನ್ನ ಹೆಸರಿನೊಂದಿಗೇ ಬರುತ್ತೇನೆ ಎಂದೆ. ಎರಡು ದಿನದಲ್ಲಿ ಹೊಸ ಬ್ಯಾಡ್ಜ್ ಬಂತು. ಹೆಸರು ಉದ್ದವಾದ್ದರಿಂದ ಅಕ್ಷರ ಸಣ್ಣ ಮಾಡಿದ್ದರು. ಟಿಪ್ಸಿನ ಜೋಕು ಆರಂಭದಲ್ಲಿ ಕೆಲವು ಸಲ ಕೇಳಬೇಕಾಯಿತು. ಕೇಳಿದವರಿಗೆಲ್ಲ, ಕೊಟ್ಟರೆ ಬೇಡ ಅನ್ನುವುದಿಲ್ಲ ಎಂದು ಉತ್ತರ ಕೊಡುತ್ತಿದ್ದೆ. ರಷ್ಯಾದ ಹೆಂಗಸೊಬ್ಬಳು ಮಾತ್ರ ಬ್ಯಾಡ್ಜಿಗೆ ಕನ್ನಡಕ ಹತ್ತಿರ ತಂದು, ನಿಧಾನವಾಗಿ, ಒಂದು ಅಕ್ಷರವೂ ಕೆಡದಂತೆ ಓದಿದಳು. ತಮ್ಮ ಕಡೆ ಹೆಂಗಸರ ಅಡ್ಡಹೆಸರುಗಳು ಹೀಗೆಯೇ 'ವಾ' ಎಂದು ಮುಗಿಯುತ್ತವೆ, ನಿನ್ನ ಅಜ್ಜ ರಷ್ಯಾದವನೇ ಎಂದು ಕೇಳಿದಳು. ಇಲ್ಲ, ಬಾದಾಮಿಯವನು ಎಂದೆ.

ಅದೇ ಕೌಂಟರಿನಲ್ಲಿ ನನ್ನ ಗಂಡನ ಪರಿಚಯವಾಯಿತು. ವಿಮಾನ ರದ್ದಾದಾಗ ಸಿಕ್ಕಿಬಿದ್ದ ಪ್ರಯಾಣಿಕರನ್ನು ನಮ್ಮ ಹೋಟೆಲಿಗೆ ಕರೆತರುವುದು ಅವರ ಕೆಲಸವಾಗಿತ್ತು. ಕಾರವಾರದ ಮನೆತನ, ಮನೆಮಾತು ಕೊಂಕಣಿ, ವಾಸ ವಾಸ್ಕೋದಲ್ಲಿ. ಸಿಟ್ಟಿಗೆದ್ದ ಪ್ರಯಾಣಿಕರ ನಡುವೆ ತಗ್ಗಿದ ದನಿಯಲ್ಲಿ ಮಾತಾಡುವವರು. ಮೊದಲ ದಿನವೇ ನನ್ನ ಹೆಸರನ್ನು ಸರಿಯಾಗಿ ಹೇಳಿದರು. ಮದುವೆಯಾಗೋಣ ಎಂದಾಗ ಜಾತಿ, ಅಂತಸ್ತು, ಗೌಂಡಿಯ ಮಗಳು, ಇವೆಲ್ಲ ಅಡ್ಡ ಬರುತ್ತವೆ ಎಂದುಕೊಂಡಿದ್ದೆ. ಅವೆಲ್ಲ ಬಂದವು, ಹೇಗೋ ದಾಟಿದೆವು. ಕೊನೆಗೆ ಎದ್ದು ನಿಂತದ್ದು ಹೆಸರು.

ಅವರ ಪದ್ಧತಿಯಲ್ಲಿ ಮದುವೆಯ ದಿನ ಹೆಣ್ಣಿನ ಹೆಸರು ಬದಲಾಗುತ್ತದೆ. ಹರಿವಾಣದಲ್ಲಿ ಅಕ್ಕಿ ಹರಡಿ, ವರ ಚಿನ್ನದ ಉಂಗುರದಿಂದ ಅದರಲ್ಲಿ ಹೊಸ ಹೆಸರು ಬರೆಯುತ್ತಾನೆ. ಅದನ್ನು ಓದಿ, ಪೇಡೆ ಹಂಚುತ್ತಾರೆ. ಅಲ್ಲಿಂದ ಮುಂದೆ ತವರಿನ ಹೆಸರು ತವರಿಗೇ. ಅತ್ತೆಗೆ ಕನ್ನಡ ಬರುತ್ತಿತ್ತು, ಕಾರವಾರದಲ್ಲಿ ಕನ್ನಡ ಶಾಲೆಯಲ್ಲೇ ಓದಿದವರು. ಹಾಗಾಗಿ ತಿಪ್ಪಿ ಎಂದರೆ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮದುವೆಗೆ ಮುಂಚೆ ನನ್ನನ್ನು ಮನೆಗೆ ಕರೆಸಿ, ಚಹಾ ಕೊಟ್ಟು, ನೇರವಾಗಿಯೇ ಮಾತು ತೆಗೆದರು.

"ನನ್ನ ಹೆಸರನ್ನೂ ಬದಲಿಸಿದ್ದರು," ಎಂದರು. "ನನಗೇನು ಕಡಿಮೆ ಆಯ್ತು? ಗಂಡನ ಮನೆಯ ಹೆಸರು ಅದು, ಮರ್ಯಾದೆಯ ಹೆಸರು."

"ಮೊದಲಿನ ಹೆಸರು ಏನಿತ್ರಿ?" ಎಂದು ಕೇಳಿದೆ. ಕೆಣಕಲು ಕೇಳಿದ್ದಲ್ಲ, ತಿಳಿಯಬೇಕೆಂದು ಕೇಳಿದೆ.

ಅವರು ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದರು. ನನ್ನದರಲ್ಲಿ ಇನ್ನೂ ಅರ್ಧ ಚಹಾ ಇತ್ತು. ನನ್ನನ್ನು ವಾಪಸು ಬಿಡಲು ಬಂದ ಅವರ ಮಗನಿಗೂ ಆ ಹೆಸರು ಗೊತ್ತಿಲ್ಲ ಎಂದು ತಿಳಿಯಿತು. ಅವರಿಗೆ ಕೇಳಬೇಕೆಂದೇ ಹೊಳೆದಿರಲಿಲ್ಲವಂತೆ.

ಎಲ್ಲರೂ ನನಗೊಂದು ದಾರಿ ತೋರಿಸಲು ನೋಡಿದರು. ಗಂಡನಾಗುವವರು ಎಲ್ಲೋ ಓದಿ ಬಂದು, ಚಿತ್ರದುರ್ಗದ ಕಡೆ ಆ ಹೆಸರಿನ ಒಬ್ಬ ಸ್ವಾಮಿಯೇ ಇದ್ದಾನೆ, ಭಾಳ ದೊಡ್ಡ ಮಹಿಮೆ ಅವನದು, ನಿನ್ನದು ಅವನ ಹೆಸರು ಎಂದು ಹೇಳಿಬಿಡೋಣ ಎಂದರು. ಆ ಸ್ವಾಮಿಯ ಬಗ್ಗೆ ನನಗೆ ಗೌರವವಿದೆ. ಆದರೆ ನನ್ನ ಹೆಸರು ಬಂದದ್ದು ಗುಡಿಯಿಂದಲ್ಲ, ನಮ್ಮ ಹಿತ್ತಲಿನಿಂದ. ಸುಳ್ಳು ಹೇಳಿ ಉಳಿಸಿಕೊಳ್ಳುವುದಾದರೆ ಉಳಿಸಿಕೊಂಡದ್ದು ಯಾವುದು? ಅವ್ವನಂತೂ ಹೆದರಿಬಿಟ್ಟಿದ್ದಳು. ಈ ಹೆಸರಿಗಾಗಿ ಮದುವೆ ಮುರಿದರೆ ಹೇಗೆ ಎಂಬ ಚಿಂತೆ ಅವಳಿಗೆ. ನಿನ್ನ ಜೀವ ಉಳೀಲಿ ಅಂತ ಇಟ್ಟಿದ್ದು, ಉಳೀತು, ಇನ್ನು ಬಿಟ್ಟರೂ ನಡೆದೀತು ಎಂದಳು. ಯಾರು ಏನೇ ಹೇಳಲಿ, ನಾನು ಗಂಡನಾಗುವವರಿಂದ ಒಂದು ಮಾತು ತೆಗೆದುಕೊಂಡೆ. ಅಕ್ಕಿಯ ಮೇಲೆ ಅವರು ನನ್ನ ಹೆಸರನ್ನೇ ಬರೆಯಬೇಕು. ಅವರು ಒಪ್ಪಿದರು.

ಮದುವೆಯ ದಿನ ವಾಸ್ಕೋದ ಹಾಲ್‌ನಲ್ಲಿ ಅವರ ಕಡೆಯ ಹಿರಿಯರೆಲ್ಲ ಸುತ್ತ ಕೂತಿದ್ದರು. ನಮ್ಮ ಕಡೆಯವರು ಹಿಂದಿನ ಕುರ್ಚಿಗಳಲ್ಲಿ. ಹರಿವಾಣ ಬಂತು. ಗಂಡ ಉಂಗುರ ಹಿಡಿದು ತಾಯಿಯ ಕಡೆ ನೋಡಿದರು. ಅತ್ತೆ ಆರಿಸಿಟ್ಟ ಹೆಸರನ್ನು ಒಂದೇ ಸಲ, ಮೆಲ್ಲಗೆ ಹೇಳಿದರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಗಂಡನ ಕೈ ತಡೆಯಿತು. ಅಷ್ಟು ಜನ ನೋಡುತ್ತಿರುವಾಗ ಮೆತ್ತಗಿನ ಮನುಷ್ಯನೊಬ್ಬನ ಕೈ ಎತ್ತ ಹೋಗುತ್ತದೋ ಅತ್ತಲೇ ಹೋಯಿತು. ಮೊದಲ ಅಕ್ಷರದ ಗೆರೆ ಬಿತ್ತು. ಅದು ನನ್ನ ಅಕ್ಷರವಲ್ಲ.

ನಾನು ಅಂಗೈಯಿಂದ ಅಕ್ಕಿಯನ್ನು ಸಮ ಮಾಡಿದೆ. ಉಂಗುರಕ್ಕಾಗಿ ಕೈ ಚಾಚಿದೆ. ಅವರು ನನ್ನ ಮುಖ ನೋಡಿದರು, ಕೊಟ್ಟರು. ಕನ್ನಡದಲ್ಲಿ, ದೊಡ್ಡದಾಗಿ ಬರೆದೆ. ಅಕ್ಕಿಯಲ್ಲಿ ಒತ್ತಕ್ಷರ ಬರೆಯುವುದು ಸುಲಭವಲ್ಲ. ಪ ಕೆಳಗೊಂದು ಒತ್ತು, ವ ಕೆಳಗೊಂದು ಒತ್ತು ಎನ್ನುವಷ್ಟರಲ್ಲಿ ಹರಿವಾಣ ತುಂಬಿಹೋಯಿತು. ಓದುವವರು ಯಾರೂ ಮುಂದೆ ಬರಲಿಲ್ಲ. ಪೇಡೆಯ ಡಬ್ಬಿ ಹಿಡಿದಿದ್ದ ನಾದಿನಿ ತಾಯಿಯನ್ನು, ತಾಯಿ ನೆಲವನ್ನು ನೋಡುತ್ತಿದ್ದರು. ಆಗ ನನ್ನ ಗಂಡ ಗಂಟಲು ಸರಿಮಾಡಿಕೊಂಡು, ಹಿಂದಿನ ಕುರ್ಚಿಯವರೆಗೂ ಕೇಳುವಂತೆ ನನ್ನ ಹೆಸರನ್ನು ಓದಿದರು. ಅವರ ಕೈ ತಪ್ಪಿದ್ದನ್ನು ನಾನು ಅಲ್ಲಿಯೇ ಮರೆತೆ.

ಗೋವಾದಲ್ಲೇ ಬೆಳೆದ, ಕನ್ನಡ ಬಾರದ ಅವರ ಚಿಕ್ಕಪ್ಪನೊಬ್ಬರು ಕುತೂಹಲಕ್ಕೆ, ಹಾಗೆಂದರೆ ಏನರ್ಥ ಎಂದು ಕೇಳಿದರು. ಅತ್ತೆ ಅದು ದೇವರ ಹೆಸರು ಎಂದು ಕೊಂಕಣಿಯಲ್ಲಿ ಹೇಳತೊಡಗಿದರು. ಅದು ನನಗೆ ಅರ್ಥವಾಯಿತು. ನಾನು ಕೊಂಕಣಿಯಲ್ಲೇ ತಿಪ್ಪಿ ಎಂದರೆ ಗೊಬ್ಬರದ ಗುಂಡಿ ಎಂದು ಹೇಳಿದೆ. ನನಗಿಂತ ಮೊದಲು ಎರಡು ಹೋಗಿದ್ದವು, ನಾನಾದರೂ ಉಳಿಯಲಿ ಎಂದು ನನ್ನನ್ನು ಅದರ ಮೇಲಿಟ್ಟು ಎತ್ತಿಕೊಂಡರು ಎಂದೆ. ಆ ಚಿಕ್ಕಪ್ಪನ ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಮೊದಲು ಪೇಡೆಗೆ ಕೈ ಚಾಚಿದಳು. ಆಮೇಲೆ ಉಳಿದವರೂ ತಿಂದರು.

ಅದರ ಬೆಲೆ ತೆರಬೇಕಾಯಿತು. ಅತ್ತೆ ನನ್ನನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ. ಕೊಂಕಣಿಯಲ್ಲಿ ಹೆಂಗಸರನ್ನು ಕೂಗುವಂತೆ 'ಅಗೋ' ಎನ್ನುತ್ತಿದ್ದರು, ಇಲ್ಲವೇ ಗೋಡೆಗೆ ಹೇಳಿದಂತೆ ಹೇಳುತ್ತಿದ್ದರು. ನೆರೆಯವರ ಮುಂದೆ ನಾನು ಮಗನ ಹೆಂಡತಿ, ಮಗಳು ಹುಟ್ಟಿದ ಮೇಲೆ ಮೊಮ್ಮಗಳ ತಾಯಿ. ಅಡುಗೆ ಕಲಿಸಿದರು, ಜ್ವರ ಬಂದರೆ ಗಂಜಿ ಮಾಡಿಕೊಟ್ಟರು, ಬಾಣಂತನವನ್ನು ಚೆನ್ನಾಗಿಯೇ ಮಾಡಿದರು. ಹೆಸರು ಮಾತ್ರ ಬಾಯಿಗೆ ತರಲಿಲ್ಲ. ವರ್ಷಗಟ್ಟಲೆ ನಡೆದರೆ ಇಂಥ ಮೌನವೂ ಮನೆಯ ಸಾಮಾನಿನಂತೆ ಆಗಿಬಿಡುತ್ತದೆ. ಆದರೂ ಒಂದೊಂದು ದಿನ ನೋಯುತ್ತಿತ್ತು.

ಈಚೆಗೆ ನನ್ನ ಜೊತೆ ಕೆಲಸ ಮಾಡುವ ಬಸುರಿ ಹುಡುಗಿಯೊಬ್ಬಳು ಮಗುವಿಗೆ ಹೆಸರು ಹುಡುಕುತ್ತಾ, ಮೊಬೈಲಿನಲ್ಲಿ ಹೆಸರುಗಳ ಅರ್ಥ ಹೇಳುವ ಒಂದು ಸೈಟಿಗೆ ನನ್ನದನ್ನೂ ಹಾಕಿದಳು. ಇಂಥ ಹೆಸರಿಲ್ಲ ಎಂದು ಬಂತು. ಕೆಳಗೆ, ನೀವು ಹುಡುಕುತ್ತಿರುವುದು ಇವನ್ನೇ ಎಂದು ಟಿ ಅಕ್ಷರದ ನಾಲ್ಕೈದು ಹೆಸರು. ಅದರಲ್ಲಿ ಟೀನಾ ಕೂಡ ಇತ್ತು. ಊರಿಗೆ ಹೋದಾಗ ವಿಚಾರಿಸಿದೆ. ಗಿರಣಿ ತಿಪ್ಪವ್ವ, ಗಿಡ್ಡ ತಿಪ್ಪವ್ವ ಇಬ್ಬರೂ ತೀರಿಹೋಗಿದ್ದಾರೆ. ಹೊಸ ಕೂಸುಗಳಲ್ಲಿ ಒಂದಕ್ಕೂ ಈ ಹೆಸರಿಲ್ಲ. ಇಡುವ ಕಾರಣ ಇಲ್ಲವಾಗಿದೆ, ಕೂಸುಗಳು ಉಳಿಯುತ್ತವೆ. ಅದಕ್ಕೆ ನನಗೆ ಸಂತೋಷವೇ. ನನ್ನ ಮಗಳಿಗೂ ನಾನು ಇದನ್ನು ಇಡಲಿಲ್ಲ, ಅವಳನ್ನು ಯಾರಿಂದಲೂ ಬಚ್ಚಿಡುವ ಅಗತ್ಯ ಬರಲಿಲ್ಲ. ಆದರೆ ಕಾರಣ ತೀರಿತೆಂದು ಹೆಸರನ್ನೇ ನಾಚಿಕೆಯಿಂದ ಮುಚ್ಚಿಡಬೇಕು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಗಂಡನ ಕಡೆಯವರು ಈಗಲೂ ಹಬ್ಬಕ್ಕೆ ಬಂದಾಗ, ಈಗ ಹೆಸರು ಬದಲಿಸುವುದು ಸುಲಭ, ಮಗಳು ದೊಡ್ಡವಳಾಗುತ್ತಿದ್ದಾಳೆ, ನಾಳೆ ಸಂಬಂಧ ನೋಡುವಾಗ ತಾಯಿಯ ಹೆಸರು ಕೇಳುತ್ತಾರೆ ಎನ್ನುತ್ತಾರೆ. ಕೇಳಲಿ. ಹೇಳಿದ ಮೇಲೆ ಎದ್ದು ಹೋಗುವವರು ಮದುವೆಗೆ ಮುಂಚೆಯೇ ಎದ್ದು ಹೋಗುವುದು ಒಳ್ಳೆಯದು.

ಕಳೆದ ಮಳೆಗಾಲದಲ್ಲಿ ಅತ್ತೆ ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಬಾತುಕೊಂಡಿತು. ನನ್ನ ಗಂಡ ಡ್ಯೂಟಿಯಲ್ಲಿದ್ದರು. ನಾನೇ ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಕರೆದೊಯ್ದೆ. ಕೌಂಟರಿನ ಹುಡುಗಿ ರೋಗಿಯ ಜೊತೆ ಯಾರಿದ್ದಾರೆ ಎಂದು ಕೇಳಿದಳು. ನಾನು ಪರ್ಸಿನಲ್ಲಿ ಅವರ ಆಧಾರ್ ಕಾರ್ಡ್ ಹುಡುಕುತ್ತಿದ್ದೆ. ಅತ್ತೆಯೇ ಹೇಳಿದರು: ಸೊಸೆ, ತಿಪ್ಪವ್ವ. ನನ್ನ ಕೈ ಪರ್ಸಿನೊಳಗೇ ನಿಂತಿತು. ಹುಡುಗಿ ತಲೆ ಎತ್ತದೆ, "ದೀಪಾ?" ಎಂದಳು.

"ದೀಪಾ ಅಲ್ಲ. ತಿಪ್ಪವ್ವ," ಎಂದರು ಅತ್ತೆ. ನೋವಿನಿಂದ ಹಲ್ಲು ಕಚ್ಚಿಕೊಂಡಿದ್ದರು. "ಪ್ಪ, ವ್ವ, ಎರಡೂ ಒತ್ತಿ ಹೇಳಬೇಕು. ಸರಿಯಾಗಿ ಬರಿ."

ಪ್ಲಾಸ್ಟರ್ ಹಾಕಿಸಿಕೊಂಡು ಟ್ಯಾಕ್ಸಿಯಲ್ಲಿ ಬರುವಾಗ ಹೊರಗೆ ಮಳೆ ಹೊಡೆಯುತ್ತಿತ್ತು. ನಾನು, ಎಷ್ಟೋ ವರ್ಷಗಳ ಹಿಂದೆ ಕೇಳಿದ್ದನ್ನೇ ಮತ್ತೆ ಕೇಳಿದೆ.

"ಅತ್ತೀ, ನಿಮ್ಮ ತವರಿನ ಹೆಸರು ಏನ್ರಿ?"

"ಈಗ ಹಾಗೆ ಕರೆಯುವವರು ಕಾರವಾರದಲ್ಲಿ ಯಾರೂ ಉಳಿದಿಲ್ಲ," ಎಂದರು.

"ಹೇಳ್ರಿ, ನಾ ಕರೀತೇನಿ."

"ಸೊಸೆ ಅತ್ತೆಯನ್ನು ಹೆಸರು ಹಿಡಿದು ಕರೆಯುವುದುಂಟಾ?" ಎಂದು ಅವರು ನಕ್ಕರು. ನಕ್ಕರೆ ಕೈ ನೋಯುತ್ತಿತ್ತು, ಆದರೂ ನಕ್ಕರು. ಹೆಸರು ಮಾತ್ರ ಹೇಳಲಿಲ್ಲ. ನಾನು ಒತ್ತಾಯಿಸಲಿಲ್ಲ. ಹೇಳುವುದು ಬಿಡುವುದು ಅವರಿಗೆ ಸೇರಿದ್ದು.

ಮನೆಯಲ್ಲಿ ಈಗಲೂ ರೂಢಿ ತಪ್ಪದೆ ಅಡುಗೆಮನೆಯಿಂದ 'ಅಗೋ' ಎನ್ನುತ್ತಾರೆ. ನಾನು ಕೇಳಿಸಿಕೊಂಡರೂ ಉತ್ತರಿಸದೆ ನನ್ನ ಕೆಲಸ ಮಾಡುತ್ತಿರುತ್ತೇನೆ. ಸ್ವಲ್ಪ ಹೊತ್ತು ಪಾತ್ರೆಗಳ ಸದ್ದು ಜೋರಾಗುತ್ತದೆ. ಎರಡನೆಯ ಸಲಕ್ಕೆ ಹೆಸರು ಬರುತ್ತದೆ.